ರೈಫಲಿನಲ್ಲಿ ಪಿಸ್ತೂಲಿನ ಮದ್ದು: ಒಂದು ಚಾರಿತ್ರಿಕ ವಿವೇಚನೆ

೧

ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಔಷಧವೆಂದೂ ಕೋವಿಯಲ್ಲಿ ತುಂಬುವ ಸಿಡಿಪುಡಿಯೆಂದೂ ಎರಡರ್ಥಗಳು ರೂಢಿಯಲ್ಲಿವೆ. ಹಳಗನ್ನಡದ ‘ಮರ್ದು’ ಎಂಬುದು ಇದರ ಪೂರ್ವರೂಪ. ಅಲ್ಲಿ ಔಷಧವೆಂಬ ಅರ್ಥ ಒಂದೇ. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಎಂಬ ಸಜಾತೀಯ ಶಬ್ದಗಳಿಗೂ ಇದೇ ಅರ್ಥವಿಸ್ತಾರವು ಉಂಟಾಗಿದೆ. ಪಾರಸಿಯ ‘ದಾರೂ’ ಎಂಬುದೂ ಔಷಧವಾಚಿಯಾಗಿದ್ದು ಕಾಲಕ್ರಮದಲ್ಲಿ ಸಿಡಿಮದ್ದಿಗೆ ಸಂದಿತು. ಚೀನೀ ಭಾಷೆಯಲ್ಲಿ ಇದಕ್ಕಿರುವ ಹೆಸರಿನ ಅಕ್ಷರಾರ್ಥವು ‘ಬೆಂಕಿಯ ಔಷಧ’ ಎಂದೇ. ಸಿಡಿಮದ್ದಿನ ಪಾಕಗಳು ಬರೆಹದಲ್ಲಿ ದೊರೆಯುವುದು ಕ್ರಿ. ಶ. ೧೦೪೪ರಲ್ಲಿ ಚೀನದಲ್ಲಿ ರಚಿತವಾದ ಒಂದು ಯುದ್ಧಶಾಸ್ತ್ರ ಸಂಗ್ರಹದಲ್ಲಿಯಾದುದರಿಂದ, ವಸ್ತುವಿನೊಡನೆ ಈ ಅರ್ಥಕಲ್ಪನೆಯೂ ದೇಶದಿಂದ ದೇಶಕ್ಕೆ ಸಾಗಿರಬಹುದೆಂಬ ಊಹೆಗೆ ಎಡೆಯುಂಟು.

ಔಷಧಕ್ಕೆ ಎರಡು ಗುಣಗಳುಂಟು. ಒಂದು ಅದರ ಸತ್ತ್ವ. ಇನ್ನೊಂದು ಅದು ಮೈಗೆ ಹತ್ತುವ ಶೀಘ್ರತೆ. ಬಲವಾದುದೆಲ್ಲ ಶೀಘ್ರವಾದುದಲ್ಲ, ಶೀಘ್ರವಾದುದೆಲ್ಲ ಬಲವಾದುದಲ್ಲ ಎಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಕೋವಿಯ ಮದ್ದಿನ ವಿಷಯದಲ್ಲಿ ಈ ವಿವೇಕವು ಸ್ಥಿರವಾಗುವುದಕ್ಕೆ ನಾಲ್ಕೈದು ಶತಮಾನಗಳು ಹಿಡಿದುವು. ಆ ಅವಧಿಯಲ್ಲಿ ಒಡೆದ ಫಿರಂಗಿಗಳೂ ನಷ್ಟವಾದ ಜೀವಗಳೂ ಅನೇಕ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಬೆಳೆದು ಬಂದಿರುವ ಒಂದು ಅಭ್ಯಾಸವು, ಎಂದರೆ ಪಿಸ್ತೂಲಿಗೆಂದು ಮಾಡಿದ ಶೀಘ್ರದಾಹಿ ಮದ್ದನ್ನು ಸ್ವಲ್ಪವಾಗಿ ರೈಫಲಿನ ತೋಟಾದಲ್ಲಿ ತುಂಬಿ, ಮನೆಯಲ್ಲಿ ಎರಕಹೊಯ್ದ ಸೀಸದ ಗುಂಡನ್ನು ಹೊಡೆಯುವುದು, ಈ ದೀರ್ಘ ಚರಿತ್ರೆಯ ಒಂದು ಕೊನೆಯ ಅಧ್ಯಾಯವಾಗಿದೆ. ಮೇಲುನೋಟಕ್ಕೆ ಇದು ಮಿತವ್ಯಯದ ಉಪಾಯವಾಗಿ ಮಾತ್ರ ಕಾಣುತ್ತದೆ. ವಿಚಾರಿಸಿ ನೋಡಿದರೆ ಮದ್ದಿನ ಬಲ ಯಾವುದು, ವೇಗ ಯಾವುದು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಮತ್ತೊಮ್ಮೆ ತಲೆಯೆತ್ತಿರುವುದು ವಿದಿತವಾಗುತ್ತದೆ.

೨

ಕರಿಮದ್ದಿನ ಅಂಗಗಳು ಮೂರು: ಪೆಟ್ಲುಪ್ಪು, ಇದ್ದಲು, ಗಂಧಕ. ನೂರು ಭಾಗದಲ್ಲಿ ಕ್ರಮವಾಗಿ ೭೫, ೧೫, ೧೦ ಎಂಬ ಪ್ರಮಾಣವು ಕಾಲಾನಂತರದಲ್ಲಿ ನೆಲೆಗೊಂಡಿತು. ಮೊದಮೊದಲು ಈ ಮೂರನ್ನೂ ಅರೆದು ಹಿಟ್ಟಾಗಿ ಬೆರಸಿ ತುಂಬುತ್ತಿದ್ದರು. ಇಂತಹ ಹಿಟ್ಟುಮದ್ದು ಸಾಗಾಟದ ಕುಲುಕಾಟದಲ್ಲಿ ಬೇರ್ಪಡುತ್ತಿತ್ತು, ತೇವವನ್ನು ಹೀರುತ್ತಿತ್ತು. ನಳಿಗೆಯಲ್ಲಿ ಒತ್ತಾಗಿ ಕುಳಿತಾಗ ಬೆಂಕಿಯು ಒಳಕ್ಕೆ ನುಗ್ಗುವುದಕ್ಕೆ ದಾರಿಯಿಲ್ಲದೆ ಮೆಲ್ಲನೆ ಉರಿಯುತ್ತಿತ್ತು. ಹದಿನೈದನೆಯ ಶತಮಾನದಲ್ಲಿ ಯೂರೋಪಿನ ಮದ್ದುಗಾರರು ಇದನ್ನು ನೆನೆಸಿ, ಮುದ್ದೆ ಕಟ್ಟಿ, ಒಣಗಿಸಿ, ಒಡೆದು ಕಾಳು ಮಾಡುವುದನ್ನು ರೂಢಿಸಿದರು. ಕಾಳಿನ ನಡುವಣ ಸಂದುಗಳಲ್ಲಿ ಜ್ವಾಲೆಯು ಕ್ಷಣಮಾತ್ರದಲ್ಲಿ ಹರಿದುದರಿಂದ ಅದೇ ಮೂರು ವಸ್ತುಗಳು, ಅದೇ ತೂಕದಲ್ಲಿ, ಹಿಂದಿಗಿಂತ ಬಹು ಹೆಚ್ಚು ರಭಸವನ್ನು ತೋರಿಸಿದುವು. ಹಳೆಯ ದೊಡ್ಡ ಫಿರಂಗಿಗಳು ಈ ರಭಸವನ್ನು ತಾಳಲಾರವಾಗಿ, ಸಣ್ಣ ಕೋವಿಗಳಿಗೆ ಕಾಳುಮದ್ದು, ದೊಡ್ಡವಕ್ಕೆ ಹಿಟ್ಟುಮದ್ದು ಎಂಬ ಭೇದವು ಬಹುಕಾಲ ಉಳಿದುಕೊಂಡಿತು. ದ್ರವ್ಯವು ಬದಲಾಗದೆ ಆಕಾರ ಮಾತ್ರ ಬದಲಾದರೂ ಪರಿಣಾಮವು ಬದಲಾಗುತ್ತದೆ ಎಂಬ ಮೊದಲ ಪಾಠವು ಇದಾಗಿದೆ.

ಈ ಪಾಠದ ಮತ್ತೊಂದು ಮುಖಕ್ಕೆ ಮೈಸೂರಿನ ಚರಿತ್ರೆಯೇ ನಿದರ್ಶನವನ್ನು ಕೊಡುತ್ತದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯಗಳು ೧೭೮೦ರ ಪೊಲ್ಲಿಲೂರಿನ ಯುದ್ಧದಲ್ಲಿಯೂ ಮುಂದಿನ ಕಾಳಗಗಳಲ್ಲಿಯೂ ಬಳಸಿದ ಬಾಣಗಳಲ್ಲಿ ಕಬ್ಬಿಣದ ಕೊಳವೆಯೊಳಗೆ ಇದೇ ಕರಿಮದ್ದನ್ನು ಬಿಗಿಯಾಗಿ ಜಡಿದಿರುತ್ತಿತ್ತು. ಜಡಿದ ಮದ್ದು ಒಮ್ಮೆಗೇ ಸಿಡಿಯದೆ ಪದರಪದರವಾಗಿ ಉರಿಯುತ್ತ ಬಾಣವನ್ನು ದೂಡಿಕೊಂಡು ಹೋಗುವುದು. ಅದೇ ಮದ್ದನ್ನು ಸಡಿಲವಾದ ಕಾಳಾಗಿ ತುಂಬಿದ್ದರೆ ಕೊಳವೆಯೇ ಸೀಳುತ್ತಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿನ ವುಲ್ವಿಚ್ಚಿಗೆ ಹೋದುವು. ವಿಲಿಯಂ ಕಾಂಗ್ರೀವನು ೧೮೦೪ರಿಂದ ಮುಂದೆ ನಡೆಯಿಸಿದ ಪ್ರಯೋಗಗಳಿಗೆ ಅವು ಪ್ರೇರಕವಾದುವು.

ಮದ್ದಿನ ಬಲವನ್ನು ಗಣಿತದಿಂದ ಅಳೆದವರಲ್ಲಿ ಅಗ್ರಗಣ್ಯನು ಬೆಂಜಮಿನ್ ರಾಬಿನ್ಸನು. ಅವನು ೧೭೪೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತೂಗುಹಾಕಿದ ಮರದ ದಿಮ್ಮಿಗೆ ಗುಂಡನ್ನು ಹೊಡೆದು ದಿಮ್ಮಿಯು ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಕ್ರಮವನ್ನು ವಿವರಿಸಿದನು. ಸುಪ್ರಸಿದ್ಧ ಗಣಿತಜ್ಞನಾದ ಆಯ್ಲರನು ೧೭೪೫ರಲ್ಲಿ ಈ ಗ್ರಂಥವನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ತನ್ನ ಟಿಪ್ಪಣಿಗಳನ್ನು ಸೇರಿಸಿದನು. ರಾಬಿನ್ಸನ ಗಣಿತಕ್ಕೆ ತಳಹದಿಯಾದ ಒಂದು ಗ್ರಹಿಕೆಯುಂಟು: ಗುಂಡು ಗಮನಾರ್ಹವಾಗಿ ಕದಲುವುದಕ್ಕೆ ಮುಂಚೆಯೇ ಮದ್ದೆಲ್ಲವೂ ಉರಿದು ವಾಯುವಾಗಿಬಿಡುತ್ತದೆ ಎಂಬುದು. ಸಣ್ಣ ಕೋವಿಯ ನುಣುಪು ಮದ್ದಿಗೆ ಇದು ಹೆಚ್ಚುಕಡಮೆ ಹೊಂದುತ್ತಿತ್ತು. ದೊಡ್ಡ ಫಿರಂಗಿಗೆ ಹೊಂದುತ್ತಿರಲಿಲ್ಲ. ಈ ಗ್ರಹಿಕೆಯ ಪ್ರಸ್ತಾವವು ಮುಂದೆ ಮತ್ತೆ ಬರುವುದು. ರಾಬಿನ್ಸನು ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಭದ್ರಪಡಿಸುವ ಕಾರ್ಯಕ್ಕಾಗಿ ದಕ್ಷಿಣ ಭಾರತಕ್ಕೆ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

೩

ಮದ್ದಿನ ಶೀಘ್ರತೆಯನ್ನು ತಗ್ಗಿಸಬೇಕೆಂಬ ಯೋಚನೆಯು ಶಾಸ್ತ್ರವಾಗಿ ಬೆಳೆದುದು ಅಮೆರಿಕೆಯಲ್ಲಿ. ೧೮೪೪ನೆಯ ಫೆಬ್ರವರಿ ೨೮ರಂದು ಪ್ರಿನ್ಸ್‌ಟನ್ ಎಂಬ ಯುದ್ಧನೌಕೆಯಲ್ಲಿ ಗಣ್ಯರ ಸಮ್ಮುಖದಲ್ಲಿ ಹಾರಿಸಿದ ದೊಡ್ಡ ಫಿರಂಗಿಯೊಂದು ಒಡೆದು, ವಿದೇಶಾಂಗ ಸಚಿವ ಏಬಲ್ ಅಪ್ಷರ್, ನೌಕಾ ಸಚಿವ ಥಾಮಸ್ ಗಿಲ್ಮರ್ ಮೊದಲಾದ ಆರು ಮಂದಿ ಮೃತರಾದರು. ಆ ಫಿರಂಗಿಗೆ ‘ಶಾಂತಿಕಾರಕ’ವೆಂಬ ಅರ್ಥದ ಹೆಸರಿದ್ದುದು ವಿಧಿಯ ವಿಡಂಬನೆ. ಈ ದುರಂತದಿಂದ ಮನಸ್ಸು ಕಲಕಿದವರಲ್ಲಿ ಶಸ್ತ್ರವಿಭಾಗದ ತರುಣಾಧಿಕಾರಿ ಥಾಮಸ್ ಜಾಕ್ಸನ್ ರಾಡ್‌ಮನ್ ಒಬ್ಬನು. ಫಿರಂಗಿಯನ್ನು ಒಳಗಿನಿಂದ ತಣಿಸಿ ಎರಕಹೊಯ್ಯುವ ಪದ್ಧತಿಯನ್ನು ಆತನು ಮೊದಲು ಕಂಡುಹಿಡಿದನು. ಬಳಿಕ ಅವನ ದೃಷ್ಟಿಯು ಲೋಹದಿಂದ ಮದ್ದಿನ ಕಡೆಗೆ ತಿರುಗಿತು. ನಳಿಗೆಯ ಗೋಡೆಯಲ್ಲಿ ರಂಧ್ರ ಕೊರೆದು, ಅಲ್ಲಿ ಒಂದು ಉಳಿಯು ವಾಯುವಿನ ಒತ್ತಡದಿಂದ ತಾಮ್ರದ ತುಂಡಿನ ಮೇಲೆ ಗುರುತು ಹಾಕುವಂತೆ ಮಾಡಿ, ಆ ಗುರುತಿನ ಅಳತೆಯಿಂದ ಒಳಗಿನ ಒತ್ತಡವನ್ನು ತಿಳಿಯುವ ಸಾಧನವನ್ನು ಅವನು ರಚಿಸಿದನು.

ಇದರ ಮೂಲಕ ಅವನಿಗೆ ತಿಳಿದು ಬಂದುದೇನೆಂದರೆ, ಎರಡು ಬಗೆಯ ಮದ್ದು ಗುಂಡಿಗೆ ಒಂದೇ ವೇಗವನ್ನು ಕೊಡುವಾಗಲೂ ನಳಿಗೆಯ ಮೇಲೆ ಅವು ಹೇರುವ ಒತ್ತಡವು ಬೇರೆ ಬೇರೆಯಾಗಿರಬಹುದು. ಶೀಘ್ರವಾಗಿ ಉರಿಯುವುದು ಆರಂಭದಲ್ಲಿಯೇ ತನ್ನ ಬಲವನ್ನೆಲ್ಲ ವ್ಯಯಮಾಡುತ್ತದೆ. ಮಂದವಾಗಿ ಉರಿಯುವುದು ಗುಂಡಿನ ಬೆನ್ನುಹಿಡಿದು ನಳಿಗೆಯುದ್ದಕ್ಕೂ ದೂಡುತ್ತದೆ. ಕಾಳು ಉರಿದಂತೆಲ್ಲ ಅದರ ಹೊರಮೈ ಕಿರಿದಾಗಿ ಹೊರಡುವ ವಾಯುವೂ ಕಡಮೆಯಾಗುವುದು. ಆದರೆ ಬಿಲ್ಲೆಯಾಗಿ ಒತ್ತಿದ ಮದ್ದಿನಲ್ಲಿ ತೂತುಗಳನ್ನು ಇಟ್ಟರೆ, ಹೊರಮೈ ಕುಗ್ಗುವಾಗಲೇ ತೂತುಗಳ ಒಳಮೈ ಹಿಗ್ಗುವುದರಿಂದ ವಾಯುವಿನ ಉತ್ಪತ್ತಿಯು ಕುಂದುವುದಿಲ್ಲ. ರಾಡ್‌ಮನ್ನನ ವರದಿಗಳು ೧೮೬೧ರಲ್ಲಿ ಗ್ರಂಥರೂಪವಾಗಿ ಹೊರಬಂದುವು. ಅಲ್ಲಿಂದ ಮುಂದೆ ಮೂವತ್ತು ವರ್ಷಗಳ ಕಾಲ ಎಲ್ಲ ದೇಶಗಳ ಶಸ್ತ್ರಶಾಸ್ತ್ರಜ್ಞರ ಪ್ರಯತ್ನವೂ ಒಂದೇ ದಿಕ್ಕಿನಲ್ಲಿ ಸಾಗಿತು: ಮದ್ದನ್ನು ಮಂದಗೊಳಿಸುವುದು.

೪

ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಅದ್ದಿದರೆ ಅದು ಸಿಡಿಹತ್ತಿಯಾಗುತ್ತದೆಂಬುದನ್ನು ಷೋನ್‌ಬೈನನು ೧೮೪೬ರಲ್ಲಿ ಪ್ರಕಟಪಡಿಸಿದನು. ಹೊಗೆಯಿಲ್ಲ, ಮಸಿಯಿಲ್ಲ, ಬಲವು ಕರಿಮದ್ದಿಗಿಂತ ಹಲವು ಮಡಿ. ಆದರೆ ಅದರ ಎಳೆಗಳಲ್ಲಿ ಬೆಂಕಿಯು ತಡೆಯಿಲ್ಲದೆ ಹರಿಯುವುದರಿಂದ ಕೋವಿಯಲ್ಲಿ ಅದನ್ನು ಪಳಗಿಸುವುದು ಸಾಧ್ಯವಾಗಲಿಲ್ಲ. ೧೮೪೭ರಲ್ಲಿ ಇಂಗ್ಲೆಂಡಿನ ಫ್ಯಾವರ್‌ಷಮ್ಮಿನಲ್ಲಿ ಸಿಡಿಹತ್ತಿಯ ಕಾರ್ಖಾನೆಯೇ ಸಿಡಿದು ಹಲವರು ಮಡಿದರು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆಯು ಸಿಡಿಹತ್ತಿಯನ್ನು ಈಥರ್ ಮತ್ತು ಮದ್ಯಸಾರಗಳಲ್ಲಿ ಕಲಸಿ, ಎಳೆಗಳು ಅಳಿದು ಅಂಟಾದ ಮೇಲೆ ಹಾಳೆಯಾಗಿ ಲಟ್ಟಿಸಿ, ಕತ್ತರಿಸಿ, ಒಣಗಿಸಿದನು. ಈ ಹಾಳೆಯ ತುಂಡು ಕೊಂಬಿನಂತೆ ಗಟ್ಟಿಯಾಗಿದ್ದು ಮೇಲ್ಮೈಯಿಂದ ಮಾತ್ರ ಉರಿಯುತ್ತದೆ. ಹಾಳೆಯ ದಪ್ಪವನ್ನು ಹೆಚ್ಚಿಸಿದರೆ ಮದ್ದು ಮಂದ, ತಗ್ಗಿಸಿದರೆ ಶೀಘ್ರ. ಫ್ರೆಂಚ್ ಸೈನ್ಯವು ಇದಕ್ಕೆಂದೇ ೧೮೮೬ರಲ್ಲಿ ಎಂಟು ಮಿಲಿಮೀಟರಿನ ಲೆಬೆಲ್ ರೈಫಲನ್ನು ಸ್ವೀಕರಿಸಿತು. ೧೮೮೭ರಲ್ಲಿ ನೊಬೆಲನು ಸಿಡಿಹತ್ತಿಗೆ ನೈಟ್ರೋಗ್ಲಿಸರಿನ್ ಬೆರಸಿ ಬ್ಯಾಲಿಸ್ಟೈಟನ್ನೂ, ೧೮೮೯ರಲ್ಲಿ ಇಂಗ್ಲೆಂಡಿನ ಏಬಲ್ ಮತ್ತು ಡ್ಯೂವರ್ ಎಂಬವರು ದಾರದಂತಹ ಕಾರ್ಡೈಟನ್ನೂ ತಂದರು. ಕಾರ್ಡೈಟನ್ನು ಈ ದೇಶದಲ್ಲಿಯೇ ತಯಾರಿಸಲು ನೀಲಗಿರಿಯ ಅರುವಂಕಾಡಿನಲ್ಲಿ ೧೯೦೩ರಲ್ಲಿ ಕಾರ್ಖಾನೆಯು ಸ್ಥಾಪಿತವಾಯಿತು.

ವಿಯೆಯು ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ಮದ್ದನ್ನು ಉರಿಸಿ ನೋಡಿ ನಿರೂಪಿಸಿದ ನಿಯಮವು ಪ್ರಸ್ತುತ ವಿಷಯಕ್ಕೆ ಕೀಲಿಕೈಯಂತಿದೆ. ಗಟ್ಟಿಯಾದ ಮದ್ದು ಸಮಾನಾಂತರ ಪದರಗಳಾಗಿ ಉರಿಯುತ್ತದೆ. ಉರಿಯುವ ವೇಗವು ಸುತ್ತಣ ಒತ್ತಡವು ಹೆಚ್ಚಿದಂತೆ ಹೆಚ್ಚುತ್ತದೆ. ಆದುದರಿಂದ ಒಂದು ಮದ್ದಿನ ವೇಗವೆಂಬುದು ಆ ಮದ್ದಿನ ಸ್ವಭಾವ ಮಾತ್ರವಲ್ಲ, ಅದು ಉರಿಯುವ ಸನ್ನಿವೇಶದ ಫಲವೂ ಹೌದು. ಮಂದವಾದ ರೈಫಲ್ ಮದ್ದನ್ನು ಪೂರ್ತಿಯಾಗಿ ತುಂಬಿ, ಭಾರವಾದ ಗುಂಡನ್ನು ಮುಂದಿಟ್ಟರೆ ಒತ್ತಡವು ಏರಿ ಮದ್ದು ಚೆನ್ನಾಗಿ ಉರಿಯುತ್ತದೆ. ಅದೇ ಮದ್ದನ್ನು ಕಾಲುಭಾಗ ತುಂಬಿದರೆ ಒತ್ತಡವು ಏಳುವುದಿಲ್ಲ. ಒತ್ತಡವಿಲ್ಲವಾಗಿ ಉರಿಯು ಕುಂಟುತ್ತದೆ. ಅರೆಬೆಂದ ತುಣುಕುಗಳು ನಳಿಗೆಯಲ್ಲಿ ಉಳಿಯುತ್ತವೆ. ಒಂದು ಗುಂಡಿನ ವೇಗಕ್ಕೂ ಮುಂದಿನದರ ವೇಗಕ್ಕೂ ಹೊಂದಿಕೆಯಿರುವುದಿಲ್ಲ. ತೆಳುಹಾಳೆಯ ಪಿಸ್ತೂಲಿನ ಮದ್ದಿಗಾದರೋ ಅಂತಹ ಒತ್ತಡದ ಆಸರೆ ಬೇಕಾಗಿಲ್ಲ. ಕಿರಿಯ ನಳಿಗೆಯಲ್ಲಿ, ಹಗುರವಾದ ಗುಂಡಿನ ಹಿಂದೆ, ಅಲ್ಪಕಾಲದಲ್ಲಿ ಉರಿದು ಮುಗಿಯಬೇಕೆಂದೇ ಅದರ ನಿರ್ಮಾಣ.

೫

ಹೊಗೆಯಿಲ್ಲದ ಮದ್ದು ಬಂದುದರಿಂದ ಸೀಸದ ಗುಂಡಿಗೆ ವಿಪತ್ತು ಒದಗಿತು. ಅಮೆರಿಕದ ಸೈನ್ಯವು ೧೮೭೩ರಲ್ಲಿ ಸ್ವೀಕರಿಸಿದ ಸ್ಪ್ರಿಂಗ್‌ಫೀಲ್ಡ್ ರೈಫಲಿನಲ್ಲಿ ೭೦ ಗ್ರೇನ್ ಕರಿಮದ್ದು ೪೦೫ ಗ್ರೇನಿನ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು ೧೩೦೦ ಅಡಿಗಳ ವೇಗದಲ್ಲಿ ಕಳುಹಿಸುತ್ತಿತ್ತು. ಕುದುರೆ ಸವಾರರ ಗಿಡ್ಡ ಕೋವಿಗೆ ಒದೆತವು ಹೆಚ್ಚಾಗಬಾರದೆಂದು ಮದ್ದನ್ನು ೫೫ ಗ್ರೇನಿಗೆ ಇಳಿಸಿದ ತೋಟಾಗಳೂ ಇದ್ದುವು. ಅಲ್ಪಪ್ರಮಾಣದ ತೋಟಾ ಎಂಬುದು ಆಗಲೇ ಹೊಸದಾಗಿರಲಿಲ್ಲ. ೧೮೯೨ರಲ್ಲಿ ಕ್ರಾಗ್ ರೈಫಲ್ ಬಂದಾಗ ವೇಗವು ೨೦೦೦ ಅಡಿಗಳಿಗೆ ಏರಿತು. ೧೯೦೬ರ ಹೊಸ ತೋಟಾದಲ್ಲಿ ೨೭೦೦ ಅಡಿಗಳಾಯಿತು. ಇಂತಹ ವೇಗದಲ್ಲಿ ಮೆತ್ತನೆಯ ಸೀಸವು ನಳಿಗೆಯ ಸುರುಳಿಗೆರೆಗಳನ್ನು ಹಿಡಿದು ತಿರುಗಲಾರದೆ ಜಾರುತ್ತದೆ. ಗುಂಡಿನ ಪಕ್ಕದಲ್ಲಿ ನುಸುಳುವ ಬಿಸಿವಾಯುವು ಅದರ ಅಂಚನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ಸೀಸವು ಕರಗುವುದು ಕೇವಲ ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಆದುದರಿಂದ ಸೈನ್ಯಗಳು ಗುಂಡಿಗೆ ಗಟ್ಟಿಲೋಹದ ಹೊದಿಕೆಯನ್ನು ತೊಡಿಸಿದುವು.

ಸೈನ್ಯಕ್ಕೆ ಸಾಧ್ಯವಾದುದು ಸಾಮಾನ್ಯ ಗುರಿಕಾರನಿಗೆ ಸಾಧ್ಯವಾಗಲಿಲ್ಲ. ಹೊದಿಕೆಯ ಗುಂಡು ಕಾರ್ಖಾನೆಯಲ್ಲಿಯೇ ಆಗಬೇಕು, ಬೆಲೆಯೂ ಹೆಚ್ಚು. ಸೀಸದ ಗುಂಡಾದರೆ ಒಲೆ, ಸೌಟು, ಅಚ್ಚು ಇಷ್ಟಿದ್ದರೆ ಮನೆಯಲ್ಲಿಯೇ ಆಗುತ್ತದೆ. ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ೧೮೮೪ರಲ್ಲಿ ‘ಐಡಿಯಲ್’ ಎಂಬ ಹೆಸರಿನ ಕಾರ್ಖಾನೆಯನ್ನು ತೆರೆದ ಜಾನ್ ಬಾರ್ಲೋ ಎಂಬಾತನು ಇಂತಹ ಅಚ್ಚುಗಳನ್ನೂ ತೋಟಾ ತುಂಬುವ ಉಪಕರಣಗಳನ್ನೂ ತಯಾರಿಸಿ, ಕೈಪಿಡಿಗಳ ಮೂಲಕ ವಿಷಯವನ್ನು ಪ್ರಚುರಪಡಿಸಿದನು. ೧೯೦೬ರ ಸುಮಾರಿನಲ್ಲಿ ಆತನು ಎರಕದ ಗುಂಡಿನ ತಳಕ್ಕೆ ತಾಮ್ರದ ಒಂದು ಸಣ್ಣ ಬಟ್ಟಲನ್ನು ತೊಡಿಸುವ ಯುಕ್ತಿಯನ್ನು ಹೂಡಿದನು. ‘ಗ್ಯಾಸ್ ಚೆಕ್’ ಎಂದು ಹೆಸರಾದ ಈ ಬಟ್ಟಲು ಬಿಸಿವಾಯುವಿನಿಂದ ಗುಂಡಿನ ತಳವನ್ನು ಕಾಪಾಡುತ್ತದೆ. ತಳವು ಏಕೆ ಮುಖ್ಯವೆಂಬುದಕ್ಕೆ ಪ್ರಮಾಣವನ್ನು ಒದಗಿಸಿದವನು ಮಸಾಚುಸೆಟ್ಸ್ ಸಂಸ್ಥಾನದ ವೈದ್ಯ ಫ್ರಾಂಕ್ಲಿನ್ ಮ್ಯಾನ್. ವರ್ಷಗಟ್ಟಲೆ ಪ್ರಯೋಗ ಮಾಡಿ ೧೯೦೯ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಗುಂಡಿನ ಮೂತಿಯು ಊನವಾದುದಕ್ಕಿಂತ ತಳವು ಊನವಾದುದು ಗುರಿಯನ್ನು ಹೆಚ್ಚು ಕೆಡಿಸುವುದೆಂದು ತೋರಿಸಿಕೊಟ್ಟಿದ್ದಾನೆ.

ಸೀಸವನ್ನು ಗಟ್ಟಿಗೊಳಿಸುವುದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರಸುವುದುಂಟು. ಈ ಬೆರಕೆಯು ಅಕ್ಷರಜ್ಞರಿಗೆ ಅಪರಿಚಿತವಲ್ಲ. ಮುದ್ರಣಾಲಯದ ಅಚ್ಚುಮೊಳೆಗಳ ಲೋಹವೂ ಇದೇ. ಅಚ್ಚಿನ ಮೂಲೆಮೂಲೆಗೂ ಹರಿಯಬೇಕು, ಆರಿದ ಮೇಲೆ ಗಟ್ಟಿಯಾಗಿ ನಿಲ್ಲಬೇಕು ಎಂಬ ಎರಡು ಬೇಡಿಕೆಗಳೂ ಮೊಳೆಗೂ ಗುಂಡಿಗೂ ಸಮಾನ. ಸಾಲುಸಾಲಾಗಿ ಅಕ್ಷರಗಳನ್ನು ಎರಕಹೊಯ್ಯುವ ಲೈನೋಟೈಪ್ ಯಂತ್ರವು ನ್ಯೂಯಾರ್ಕಿನ ಪತ್ರಿಕಾಲಯದಲ್ಲಿ ಕೆಲಸಕ್ಕೆ ಬಂದುದು ಲೆಬೆಲ್ ರೈಫಲ್ ಹುಟ್ಟಿದ ೧೮೮೬ರಲ್ಲಿಯೇ. ನೂರಕ್ಕೆ ಸುಮಾರು ೮೪ ಸೀಸ, ೧೨ ಆಂಟಿಮನಿ, ೪ ತವರವಿರುವ ಆ ಯಂತ್ರದ ಲೋಹವು ಶುದ್ಧ ಸೀಸಕ್ಕಿಂತ ನಾಲ್ಕು ಮಡಿ ಗಟ್ಟಿ. ಮುದ್ರಣಾಲಯಗಳ ಹಳೆಯ ಲೋಹವು ಗುಂಡು ಎರೆಯುವವರಿಗೆ ಬಹುಕಾಲ ಪ್ರಿಯವಾದ ಸಾಮಗ್ರಿಯಾಗಿತ್ತು. ಮೊಳೆಜೋಡಣೆಯು ಮರೆಯಾಗಿ ಆಫ್‌ಸೆಟ್ ಮುದ್ರಣವು ಬಂದ ಮೇಲೆ ಅದು ಅಪರೂಪವಾಗುತ್ತ ಹೋಯಿತು.

ಇಷ್ಟೆಲ್ಲ ಸಂಸ್ಕಾರಗಳಾದ ಮೇಲೆಯೂ ಎರಕದ ಗುಂಡಿಗೆ ಒಂದು ಮೇರೆಯುಂಟು. ಹೊದಿಕೆಯ ಗುಂಡಿನೊಡನೆ ಅದು ಸರಿಸಮಾನವಾಗಿ ಓಡಲಾರದು. ಸೆಕೆಂಡಿಗೆ ೧೨೦೦ರಿಂದ ೧೬೦೦ ಅಡಿಗಳವರೆಗಿನ ವೇಗದಲ್ಲಿ ಅದರ ನಡೆ ಸುಗಮ. ಎಂದರೆ, ಹೊಸ ರೈಫಲಿನಲ್ಲಿ ಹಳೆಯ ಗುಂಡನ್ನು ಬಳಸಬೇಕಾದರೆ ಹಳೆಯ ವೇಗಕ್ಕೇ ಹಿಂದಿರುಗಬೇಕು. ಇಲ್ಲಿಯೇ ಪಿಸ್ತೂಲಿನ ಮದ್ದು ರಂಗಪ್ರವೇಶ ಮಾಡುತ್ತದೆ.

೬

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲ್ಯಾಫ್ಲಿನ್ ಮತ್ತು ರ‍್ಯಾಂಡ್ ಎಂಬ ಅಮೆರಿಕದ ಮದ್ದಿನ ಸಂಸ್ಥೆಯು ರಿವಾಲ್ವರುಗಳಿಗಾಗಿ ‘ಬುಲ್ಸ್ ಐ’ ಎಂಬ ಸಣ್ಣ ಹಪ್ಪಳದಂತಹ ಕಾಳಿನ ಮದ್ದನ್ನೂ, ಸ್ವಲ್ಪ ಕಾಲದಲ್ಲಿಯೇ ಅದಕ್ಕಿಂತ ತುಸು ಮಂದವಾದ ‘ಯೂನಿಕ್’ ಎಂಬುದನ್ನೂ ಹೊರತಂದಿತು. ೧೯೧೨ರಲ್ಲಿ ಡ್ಯೂಪಾಂಟ್ ಸಂಸ್ಥೆಯ ಏಕಸ್ವಾಮ್ಯವನ್ನು ನ್ಯಾಯಾಲಯವು ಒಡೆದಾಗ ಇವು ಹರ್ಕ್ಯುಲೀಸ್ ಸಂಸ್ಥೆಯ ಪಾಲಿಗೆ ಬಂದುವು. ಅದೇ ಸಂಸ್ಥೆಯು ೧೯೩೨ರಲ್ಲಿ ಚರೆಕೋವಿಗಾಗಿ ‘ರೆಡ್ ಡಾಟ್’ ಎಂಬ ಮದ್ದನ್ನು ತಂದಿತು. ಗುರುತು ತಪ್ಪಬಾರದೆಂದು ಅದರಲ್ಲಿ ಅಲ್ಲಲ್ಲಿ ಕೆಂಪು ಬಣ್ಣದ ತುಣುಕುಗಳನ್ನು ಬೆರಸಿರುವುದೇ ಈ ಹೆಸರಿಗೆ ಕಾರಣ. ೧೯೯೫ರಲ್ಲಿ ಈ ಮದ್ದುಗಳು ಅಲಯಂಟ್ ಎಂಬ ಸಂಸ್ಥೆಯ ವಶವಾದುವು. ಯಾವುದೂ ರೈಫಲಿಗೆಂದು ಮಾಡಿದವಲ್ಲ; ಎಲ್ಲವೂ ಬೇಗ ಉರಿಯತಕ್ಕವು.

ಸೈನ್ಯವೂ ಅಲ್ಪಪ್ರಮಾಣದ ತೋಟಾಗಳ ಆವಶ್ಯಕತೆಯನ್ನು ಅರಿತಿತ್ತು. ಒಳಾಂಗಣದಲ್ಲಿ ಗುರಿಯಭ್ಯಾಸ ಮಾಡುವವರಿಗೆ ಸೀಸದ ಗುಂಡಿನ ತೋಟಾಗಳನ್ನೂ, ಜನವಸತಿಯ ನಡುವೆ ಕಾವಲಿರುವ ಸಿಪಾಯಿಗಳಿಗೆ ದೂರ ಹೋಗದ ಕಾವಲು ತೋಟಾಗಳನ್ನೂ ಅಮೆರಿಕದ ಸರ್ಕಾರವು ಒದಗಿಸುತ್ತಿತ್ತು. ನಾಗರಿಕ ಗುರಿಕಾರರಿಗೆ ಮಿತವ್ಯಯವೇ ದೊಡ್ಡ ಪ್ರೇರಣೆ. ಒಂದು ಪೌಂಡಿಗೆ ೭೦೦೦ ಗ್ರೇನುಗಳು. ೧೯೦೬ರ ತೋಟಾಕ್ಕೆ ಪೂರ್ಣಪ್ರಮಾಣದಲ್ಲಿ ಸುಮಾರು ೫೦ ಗ್ರೇನ್ ಮಂದ ಮದ್ದು ಬೇಕಾದುದರಿಂದ ಪೌಂಡಿನಲ್ಲಿ ತುಂಬುವ ತೋಟಾಗಳು ೧೪೦ ಮಾತ್ರ. ಶೀಘ್ರದಾಹಿ ಮದ್ದು ಅದರ ಕಾಲುಭಾಗವೇ ಸಾಕಾದರೆ ಅದೇ ಪೌಂಡಿನಲ್ಲಿ ಐನೂರಕ್ಕೂ ಹೆಚ್ಚು ತೋಟಾಗಳು ತುಂಬುತ್ತವೆ. ೧೯೩೦ರ ದಶಕದ ಆರ್ಥಿಕ ದುಸ್ಥಿತಿಯಲ್ಲಿ ಈ ಲೆಕ್ಕವು ಅಲ್ಪವಾದುದಾಗಿರಲಿಲ್ಲ. ಒದೆತವು ಕಡಮೆ, ಸದ್ದು ಕಡಮೆ, ನಳಿಗೆಯ ಸವೆತ ಕಡಮೆ ಎಂಬ ಅನುಕೂಲಗಳು ಇದಕ್ಕೆ ಕೂಡಿಕೊಂಡುವು. ೧೯೨೫ರಲ್ಲಿ ಐಡಿಯಲ್ ಉಪಕರಣಗಳ ಉದ್ಯಮವನ್ನು ಕೊಂಡುಕೊಂಡ ಲೈಮನ್ ಸಂಸ್ಥೆಯು ೧೯೫೮ರಲ್ಲಿ ಎರಕದ ಗುಂಡುಗಳಿಗೆಂದೇ ಕೈಪಿಡಿಯನ್ನು ಹೊರತಂದಿತು. ೧೯೭೬ರಲ್ಲಿ ಎರಕದ ಗುಂಡಿನ ಆಸಕ್ತರ ಸಂಘವೊಂದು ಅಮೆರಿಕದಲ್ಲಿ ಸ್ಥಾಪಿತವಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿ. ಇ. ಹ್ಯಾರಿಸ್ ಎಂಬ ಲೇಖಕನು, ಹಳೆಯ ಸೈನಿಕ ರೈಫಲುಗಳಲ್ಲಿ ಚರೆಕೋವಿಯ ರೆಡ್ ಡಾಟ್ ಮದ್ದಿನ ಅಲ್ಪಪ್ರಮಾಣವು ಎರಕದ ಗುಂಡಿಗೆ ಹೇಗೆ ಹೊಂದುತ್ತದೆಂಬುದನ್ನು ಬರೆದು ಅನೇಕರ ಗಮನವನ್ನು ಅತ್ತ ಸೆಳೆದನು.

ಶೀಘ್ರದಾಹಿ ಮದ್ದಿನ ಮತ್ತೊಂದು ಗುಣವೂ ಇಲ್ಲಿ ಉಲ್ಲೇಖಾರ್ಹ. ದೊಡ್ಡ ಕೋಶದೊಳಗೆ ಸ್ವಲ್ಪ ಮದ್ದು ಇದ್ದರೆ ಅದು ಒಮ್ಮೆ ಕೇಪಿನ ಬಳಿ, ಒಮ್ಮೆ ಗುಂಡಿನ ಬಳಿ ಸರಿದುಕೊಳ್ಳುತ್ತದೆ. ಮಂದ ಮದ್ದಾದರೆ ಈ ಸ್ಥಾನಭೇದದಿಂದ ಉರಿಯಲ್ಲಿ ಬಹಳ ವ್ಯತ್ಯಾಸವಾಗುವುದರಿಂದ, ಬೂರುಗದ ಹತ್ತಿಯ ಎಳೆಯಂತಹ ಹಗುರವಾದ ಪದಾರ್ಥವನ್ನು ಮೇಲೆ ಇಟ್ಟು ಮದ್ದನ್ನು ಕೇಪಿಗೆ ಒತ್ತಿ ನಿಲ್ಲಿಸುವ ವಾಡಿಕೆಯುಂಟಾಯಿತು. ಸುಲಭವಾಗಿ ಹೊತ್ತುವ ಶೀಘ್ರದಾಹಿಯಲ್ಲಿ ಈ ಸ್ಥಾನಭೇದದ ದೋಷವು ಪೂರ್ತಿಯಾಗಿ ಇಲ್ಲವಾಗದಿದ್ದರೂ ಬಹುಮಟ್ಟಿಗೆ ತಗ್ಗುತ್ತದೆ.

೭

ಇಷ್ಟು ಅನುಕೂಲವಾದ ಮದ್ದಿನಲ್ಲಿ ವಿಷವೂ ಇದೆ. ಕೋಶದ ಮೂರರಲ್ಲೊಂದು ಪಾಲನ್ನೂ ತುಂಬದ ಪ್ರಮಾಣವನ್ನು ಮರೆವಿನಿಂದ ಎರಡು ಸಲ ಸುರಿದರೂ ಹೊರಗೆ ಕಾಣುವುದಿಲ್ಲ, ಚೆಲ್ಲುವುದಿಲ್ಲ. ಗುಂಡು ಎಂದಿನಂತೆಯೇ ಕುಳಿತುಕೊಳ್ಳುತ್ತದೆ. ಮಂದ ಮದ್ದಿನ ಪೂರ್ಣಪ್ರಮಾಣವು ಕೋಶವನ್ನು ಹೆಚ್ಚುಕಡಮೆ ತುಂಬುವುದರಿಂದ ಅಲ್ಲಿ ಇಮ್ಮಡಿ ಸುರಿಯುವುದು ಅಸಾಧ್ಯ. ಶೀಘ್ರದಾಹಿಯಲ್ಲಿ ಒತ್ತಡವು ಪ್ರಮಾಣದೊಡನೆ ಸಮನಾಗಿ ಏರುವುದಿಲ್ಲ. ವಿಯೆಯ ನಿಯಮದಂತೆ ಒತ್ತಡವು ವೇಗವನ್ನೂ, ವೇಗವು ಒತ್ತಡವನ್ನೂ ಹೆಚ್ಚಿಸಿಕೊಂಡು ಹೋಗುವುದರಿಂದ ಇಮ್ಮಡಿಯ ಮದ್ದು ಇಮ್ಮಡಿಗಿಂತ ಬಹಳ ಹೆಚ್ಚಿನ ಒತ್ತಡವನ್ನು ತರುತ್ತದೆ. ಆಗ ಒಡೆಯುವುದು ರೈಫಲಿನ ಹಿಂಬದಿ. ಅಲ್ಲಿರುವುದು ಗುರಿಕಾರನ ಕಣ್ಣು, ಕೈ.

ಇದರ ಪೂರ್ವಚ್ಛಾಯೆಯು ೧೮೮೦ ಮತ್ತು ೧೮೯೦ರ ದಶಕಗಳಲ್ಲಿಯೇ ಕಾಣಿಸಿತು. ಆಗ ಚರೆಕೋವಿಗಳಿಗೆಂದು ಬಂದ ಹೊಗೆಯಿಲ್ಲದ ಮದ್ದುಗಳಲ್ಲಿ ಎರಡು ಜಾತಿಗಳಿದ್ದುವು. ಒಂದು, ಕರಿಮದ್ದಿನ ಅಳತೆಯ ಬಟ್ಟಲಿನಲ್ಲಿಯೇ ಅಳೆದು ಹಾಕಬಹುದಾದ ಹಗುರವಾದ ಮದ್ದು. ಇನ್ನೊಂದು, ತೂಕ ಮಾಡಿಯೇ ಹಾಕಬೇಕಾದ ಸಾಂದ್ರವಾದ ಮದ್ದು. ಎರಡನೆಯದನ್ನು ಮೊದಲನೆಯದೆಂದು ಬಗೆದು ಬಟ್ಟಲು ತುಂಬ ಅಳೆದವರು ಕೋವಿಗಳನ್ನು ಕಳೆದುಕೊಂಡರು. ಹಳೆಯ ಅಳತೆಯನ್ನು ಹೊಸ ವಸ್ತುವಿಗೆ ವಿಚಾರವಿಲ್ಲದೆ ಹಚ್ಚಿದುದರ ಫಲವಿದು.

ಉಕ್ಕಿನ ಬಲವನ್ನೂ ಕಣ್ಣಂದಾಜಿಗೆ ಬಿಟ್ಟುದರಿಂದ ಆದ ಅನರ್ಥವನ್ನು ಜೂಲಿಯನ್ ಹ್ಯಾಚರ್ ಎಂಬ ಅಮೆರಿಕದ ಸೇನಾಧಿಕಾರಿಯು ೧೯೪೭ರಲ್ಲಿ ಪ್ರಕಟವಾದ ತನ್ನ ಟಿಪ್ಪಣಿಗ್ರಂಥದಲ್ಲಿ ಸವಿಸ್ತರವಾಗಿ ಬರೆದಿಟ್ಟಿದ್ದಾನೆ. ೧೯೧೭ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಕೆಲವು ಒಡೆದಾಗ ವಿಚಾರಣೆಯು ನಡೆಯಿತು. ಕಾರ್ಖಾನೆಯ ಕಮ್ಮಾರರು ಕಾದ ಉಕ್ಕಿನ ಬಣ್ಣವನ್ನು ನೋಡಿ ಕಾವನ್ನು ನಿರ್ಣಯಿಸುತ್ತಿದ್ದರು. ಬಿಸಿಲು ಹೆಚ್ಚಾದ ದಿನ ಅದೇ ಕಾವು ಮಂಕಾಗಿ ತೋರುವುದರಿಂದ ಲೋಹವನ್ನು ಅತಿಯಾಗಿ ಕಾಯಿಸಿ ಪೆಡಸು ಮಾಡಿಬಿಡುತ್ತಿದ್ದರು. ೧೯೧೮ರಲ್ಲಿ ಉಷ್ಣಮಾಪಕಗಳನ್ನೂ ಹೊಸ ಹದದ ಕ್ರಮವನ್ನೂ ತಂದರು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ರೈಫಲುಗಳಲ್ಲಿ ೮,೦೦,೦೦೦ಕ್ಕೆ ಕೆಳಗಣ ಕ್ರಮಸಂಖ್ಯೆಯವು ಅಂದಿನಿಂದ ಶಂಕಾಸ್ಪದವೆನಿಸಿವೆ. ಹಳೆಯ ರೈಫಲಿಗೆ ಅಲ್ಪಪ್ರಮಾಣದ ತೋಟಾವೇ ಸುರಕ್ಷಿತವೆಂದು ಹೇಳುವವರು, ಆ ಅಲ್ಪವು ಒಂದು ಸಲ ತಪ್ಪಿ ಇಮ್ಮಡಿಯಾದರೆ ಇಂತಹ ಪೆಡಸಾದ ಉಕ್ಕೇ ಮೊದಲು ಸೀಳುವುದೆಂಬುದನ್ನೂ ಹೇಳಬೇಕಾಗುತ್ತದೆ.

ಈ ಅಪಾಯಕ್ಕೆ ಬಲ್ಲವರು ಕಂಡುಕೊಂಡ ಪರಿಹಾರಗಳು ಸರಳವಾದುವು. ಪ್ರಮಾಣವನ್ನು ಪ್ರಕಟಿತ ಕೋಷ್ಟಕಗಳಿಂದ ಮಾತ್ರ ಆರಿಸಿ ತೂಕದಿಂದಲೇ ನಿರ್ಣಯಿಸುವುದು, ಗುಂಡನ್ನು ಕೂರಿಸುವ ಮುಂಚೆ ಪ್ರತಿಯೊಂದು ಕೋಶದೊಳಕ್ಕೂ ದೀಪ ಹಿಡಿದು ನೋಡುವುದು, ಮೇಜಿನ ಮೇಲೆ ಎರಡು ಬಗೆಯ ಮದ್ದನ್ನು ಒಟ್ಟಿಗೆ ಇಡದಿರುವುದು. ಶೀಘ್ರದಾಹಿಗಳಲ್ಲಿಯೇ ಉಬ್ಬಾದ ಹಪ್ಪಳಕಾಳಿನವು ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಇಮ್ಮಡಿಯಾದರೆ ಕಣ್ಣಿಗೆ ಬೀಳುತ್ತವೆ. ಸಾಂದ್ರವಾದ ಬುಲ್ಸ್ ಐಗಿಂತ ರೆಡ್ ಡಾಟನ್ನು ಹಲವರು ಮೆಚ್ಚಿದುದಕ್ಕೆ ಇದೂ ಒಂದು ಕಾರಣ. ಇನ್ನು ಅತಿ ಕಡಮೆಯಾದರೂ ಕೇಡೇ. ಗುಂಡು ನಳಿಗೆಯಲ್ಲಿಯೇ ಸಿಕ್ಕಿ ನಿಂತು, ಅದನ್ನು ಅರಿಯದೆ ಮುಂದಿನದನ್ನು ಹೊಡೆದರೆ ನಳಿಗೆಯು ಸೀಳುವುದು. ಹೊದಿಕೆಯ ಗುಂಡು ಹೆಚ್ಚು ಘರ್ಷಣೆಯುಳ್ಳದ್ದಾದುದರಿಂದ ಈ ಅಪಾಯವು ಅದಕ್ಕೇ ಹೆಚ್ಚು. ಮಂದ ಮದ್ದಿನ ಅತ್ಯಲ್ಪ ಪ್ರಮಾಣದಿಂದಲೂ ಕೆಲವೊಮ್ಮೆ ರೈಫಲುಗಳು ಒಡೆದಿವೆಯೆಂಬ ವರದಿಗಳಿವೆ. ಅದರ ಕಾರಣದ ವಿಷಯದಲ್ಲಿ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ.

೮

ರಾಡ್‌ಮನ್ನನಿಂದ ವಿಯೆಯವರೆಗಿನ ಚರಿತ್ರೆಯು ಮದ್ದನ್ನು ಮಂದಗೊಳಿಸುವ ಚರಿತ್ರೆಯಾಗಿರುವಾಗ, ಮತ್ತೆ ಶೀಘ್ರದಾಹಿಯನ್ನು ರೈಫಲಿಗೆ ತಂದುದು ಹಿನ್ನಡೆಯೆಂದು ಹೇಳುವುದಕ್ಕೆ ಅವಕಾಶವುಂಟು. ಆದರೆ ಈ ಆಕ್ಷೇಪವು ನಿಲ್ಲತಕ್ಕುದಲ್ಲ. ರಾಡ್‌ಮನ್ನನ ಉದ್ದೇಶವು ಭಾರವಾದ ಗುಂಡಿಗೆ ಪರಮವೇಗವನ್ನು, ನಳಿಗೆ ಒಡೆಯದಂತೆ, ಕೊಡುವುದಾಗಿತ್ತು. ಅಲ್ಲಿ ಮೇರೆಯನ್ನು ಹಾಕಿದುದು ನಳಿಗೆಯ ಬಲ. ಎರಕದ ಗುಂಡಿನಲ್ಲಿ ಮೇರೆಯನ್ನು ಹಾಕುವುದು ಗುಂಡಿನದೇ ಬಲ. ಬೇಕಾದ ವೇಗವು ಅಲ್ಪವಾದಾಗ, ಆ ಅಲ್ಪವನ್ನು ಪ್ರತಿ ಸಲವೂ ಒಂದೇ ಸಮನಾಗಿ ಕೊಡಬಲ್ಲ ಮದ್ದೇ ಉತ್ತಮ. ಅದು ಶೀಘ್ರದಾಹಿಯೇ ಆಗಬೇಕೆಂಬುದು ವಿಯೆಯ ನಿಯಮದಿಂದಲೇ ಸಿದ್ಧವಾಗುತ್ತದೆ. ಹೀಗೆ ಎರಡು ಅಭ್ಯಾಸಗಳೂ ಒಂದೇ ತತ್ತ್ವದ ಎರಡು ಅನ್ವಯಗಳಾಗಿವೆ.

ರಾಬಿನ್ಸನ ಗ್ರಹಿಕೆಯನ್ನೂ ಇಲ್ಲಿ ಸ್ಮರಿಸಬಹುದು. ಗುಂಡು ಕದಲುವ ಮುನ್ನ ಮದ್ದೆಲ್ಲ ಉರಿದು ಮುಗಿಯುವುದೆಂಬ ಅವನ ಮಾತು ದೊಡ್ಡ ಫಿರಂಗಿಗಳ ಯುಗದಲ್ಲಿ ತಿರಸ್ಕೃತವಾಯಿತು. ಉದ್ದವಾದ ರೈಫಲಿನ ನಳಿಗೆಯಲ್ಲಿ ಪಿಸ್ತೂಲಿನ ಮದ್ದು ಉರಿಯುವಾಗ ಅದು ಮತ್ತೆ ಸತ್ಯಕ್ಕೆ ಸಮೀಪವಾಗುತ್ತದೆ: ಗುಂಡು ಕೆಲವೇ ಅಂಗುಲ ಸಾಗುವುದರೊಳಗೆ ಮದ್ದಿನ ಕೆಲಸವು ಬಹುಮಟ್ಟಿಗೆ ಮುಗಿದಿರುತ್ತದೆ, ಉಳಿದ ದಾರಿಯಲ್ಲಿ ಹಿಗ್ಗುವ ವಾಯುವೇ ಅದನ್ನು ದೂಡುತ್ತದೆ. ಶಾಸ್ತ್ರದಲ್ಲಿ ಒಂದೆಡೆ ತಳ್ಳಿಹಾಕಿದ ಮಾತು ಅದರ ಉಚಿತ ಕ್ಷೇತ್ರದಲ್ಲಿ ಸಲ್ಲುವುದಕ್ಕೆ ಇದೊಂದು ದೃಷ್ಟಾಂತ.

ಔಷಧಕ್ಕೂ ಸಿಡಿಪುಡಿಗೂ ಒಂದೇ ಹೆಸರನ್ನಿಟ್ಟ ಪೂರ್ವಿಕರ ಶಬ್ದವಿವೇಕವು ಈ ಚರಿತ್ರೆಯಿಂದ ಸಮರ್ಥಿತವಾಗುತ್ತದೆ. ಎರಡರಲ್ಲಿಯೂ ದ್ರವ್ಯದ ಬಲ ಒಂದು, ಅದು ಕೆಲಸಮಾಡುವ ವೇಗ ಇನ್ನೊಂದು, ಕೊಡಬೇಕಾದ ಮಾತ್ರೆ ಮತ್ತೊಂದು. ಈ ಮೂರನ್ನೂ ಬೇರೆಬೇರೆಯಾಗಿ ಅಳೆಯಬೇಕೆಂಬ ನಿಯಮವನ್ನು ಜನರು ಕಲಿತುದು ಪ್ರಿನ್ಸ್‌ಟನ್ ನೌಕೆಯಂತಹ ದುರಂತಗಳನ್ನು ಕಂಡ ಮೇಲೆ. ಪಿಸ್ತೂಲಿನ ಮದ್ದನ್ನು ರೈಫಲಿನಲ್ಲಿ ತುಂಬುವವನು ಆ ನಿಯಮವನ್ನು ಪ್ರತಿಯೊಂದು ತೋಟಾದಲ್ಲಿಯೂ ಹೊಸದಾಗಿ ಪಾಲಿಸಬೇಕಾಗಿದೆ.